ಎಂಬತ್ತೆರಡು ಡಿಗ್ರಿಯ ಬಾಗಿಲು

2004ರ ಭಾರತ ಹುಣ್ಣಿಮೆ. ಸವದತ್ತಿ ಎಲ್ಲಮ್ಮನ ಗುಡ್ಡದ ಏರಿನಲ್ಲಿ ಚಕ್ಕಡಿ, ಟ್ರ್ಯಾಕ್ಟರು, ಟೆಂಪೊ, ಬಸ್ಸು ಎಲ್ಲವೂ ಒಂದರ ಬಾಲ ಒಂದು ಹಿಡಿದು ಇರುವೆ ಸಾಲಿನಂತೆ ಸರಿಯುತ್ತಿದ್ದವು. ‘ಉಧೋ ಉಧೋ’ ಎಂಬ ಕೂಗು, ಗಾಳಿಯ ತುಂಬ ಭಂಡಾರ. ಆ ಸಾಲಿನ ನಡುವೆ ಮುನವಳ್ಳಿಯಿಂದ ಒಂಬತ್ತು ಜನರನ್ನು ಹೇರಿಕೊಂಡು ಬಂದಿದ್ದ ಡೀಸೆಲ್ ಅಂಬಾಸಡರ್ ಒಂದು ಮೊದಲನೇ ಗೇರಿನಲ್ಲೇ ಅರ್ಧ ತಾಸು ಏದುಸಿರು ಬಿಟ್ಟು, ಕೊನೆಗೆ ಬಾನೆಟ್ಟಿನ ಸಂದಿಯಿಂದ ಉಗಿ ಕಾರುತ್ತ ನಿಂತೇಬಿಟ್ಟಿತು. ಜನ ಇಳಿದು ನಡೆದೇ ಗುಡ್ಡ ಹತ್ತಿದರು. ಬಾಡಿಗೆ ಅರ್ಧಕ್ಕೆ ಇಳಿಯಿತು. ಮಾಲೀಕರು ಅವಸರದಲ್ಲಿ ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುವಲು ಹೋಗಿ ಮೊಣಕೈತನಕ ಸುಟ್ಟುಕೊಂಡರು.

ಆ ಮುಚ್ಚಳದ ಮಾತು ಮೊದಲೇ ಹೇಳಿಬಿಡುವುದು ಲೇಸು. ಅದು ಬರಿಯ ಮುಚ್ಚಳವಲ್ಲ, ಪ್ರೆಶರ್ ಕುಕ್ಕರಿನ ಸೀಟಿಯ ಅಣ್ಣ. ಒಳಗೆ ಒತ್ತಡ ಹಿಡಿದಿಟ್ಟು ನೀರು 100 ಡಿಗ್ರಿ ದಾಟಿದರೂ ಕುದಿಯದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಬಿಸಿ ಇದ್ದಾಗ ಅದನ್ನು ತೆಗೆದರೆ ಒತ್ತಡ ಇಳಿದು, ಇದ್ದ ನೀರೆಲ್ಲ ಒಮ್ಮೆಲೇ ಕುದಿದು ಮೇಲಕ್ಕೆ ಚಿಮ್ಮುತ್ತದೆ. ಎಂಜಿನ್ ನಿಲ್ಲಿಸಿ ಅರ್ಧ ತಾಸಾದರೂ ಕಾಯಬೇಕು. ಇದು ಡ್ರೈವರುಗಳಿಗೆಲ್ಲ ಗೊತ್ತಿರುವ ಸಂಗತಿಯೇ. ಆದರೆ ಹಿಂದಿನ ಬಸ್ಸಿನವನು ಹಾರ್ನು ಒತ್ತಿ ಹಿಡಿದಾಗ ಗೊತ್ತಿದ್ದದ್ದೆಲ್ಲ ಮರೆತುಹೋಗುತ್ತದೆ.

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಒಂದು ಬಾಡಿಗೆ ಕಾರಿನ ಮೇಲೆ ಬದುಕು ನಡೆಸುವ ಮನೆಗೆ ಎಲ್ಲಮ್ಮನ ಹುಣ್ಣಿಮೆಗಳೇ ಸುಗ್ಗಿ. ಉಳಿದ ದಿನಗಳಲ್ಲಿ ಸವದತ್ತಿಗೋ ಯರಗಟ್ಟಿಗೋ ಹೋಗಿಬರುವ ಸಣ್ಣ ಬಾಡಿಗೆ. ಬೆಳಿಗ್ಗೆ ಒಂದಿಷ್ಟು ಶಾಲೆಯ ಮಕ್ಕಳು, ಎಂದಾದರೊಮ್ಮೆ ಧಾರವಾಡದ ದವಾಖಾನೆಗೆ ಒಂದು ದೂರದ ಓಟ. ಈ ಮನೆಯ ಮಗಳು ಆ ವರ್ಷ ಎರಡನೇ ಪಿಯುಸಿ ವಿಜ್ಞಾನದಲ್ಲಿದ್ದಳು. ಮುಂದೆ ಪರೀಕ್ಷೆ, ಅದರ ಬೆನ್ನಿಗೆ ಸಿಇಟಿ. ಎಂಜಿನಿಯರಿಂಗಿಗೆ ಸೀಟು ಸಿಕ್ಕರೆ ಫೀಜಿನ ಹಣ ಈ ಕಾರಿನಿಂದಲೇ ಹುಟ್ಟಬೇಕು. ಎಂಜಿನ್ ಬಿಚ್ಚಿ ಬೋರು ಮಾಡಿಸುವ ಪ್ರಸಂಗ ಬಂದರೆ ಒಂದು ವರ್ಷದ ಫೀಜು ಗ್ಯಾರೇಜಿಗೆ ಹೋದಂತೆಯೇ. ಅಪ್ಪನ ಸುಟ್ಟ ಕೈಗೆ ಬರ್ನಾಲ್ ಹಚ್ಚುತ್ತ ಅವ್ವ ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮೂವರ ತಲೆಯಲ್ಲೂ ಅದೇ ಇತ್ತು.

ಮರುದಿನ ಕಾರನ್ನು ಊರಿನ ಮಿಸ್ತ್ರಿಯ ಗ್ಯಾರೇಜಿಗೆ ಎಳೆದು ತಂದರು. ಮಿಸ್ತ್ರಿ ಮೂವತ್ತು ವರ್ಷದ ಕೈ. ಎಂಜಿನ್ನಿಗೆ ಕಿವಿಗೊಟ್ಟೇ ಯಾವ ವಾಲ್ವು ಸಡಿಲಾಗಿದೆ ಎಂದು ಹೇಳುವ ಜಾತಿಯವರು. ಅವರು ಹೇಳಿದ್ದು ಇಷ್ಟು: “ಮಾಲಕರ, ಹ್ವಾದ ಬ್ಯಾಸಗಿಯಾಗ ಥರ್ಮೋಸ್ಟಾಟ್ ತಗದ ಇಟ್ಟಿದ್ನೆಲ್ರಿ. ಈಗ ಹುಬ್ಬಳ್ಳಿಂದ 74 ಡಿಗ್ರಿದ ಹೊಸಾದ ತರಸೇನಿ. ಅದನ್ನ ಕೂಡಸೂಣು. ಗಾಡಿ ತಂಪ ಇರತೈತಿ, ಆಯಿಲ್ ಬಾಳ್ಕಿ ಬರತೈತಿ, ಎಂಜಿನ್ ಇನ್ನೂ ಹತ್ತ ವರ್ಷ ಓಡತೈತಿ.”

ಕೇಳಲು ಎಷ್ಟು ಸರಿಯಾಗಿದೆ ನೋಡಿ. ಬಿಸಿಯಿಂದ ಕೆಡುತ್ತದೆ, ತಂಪಿನಿಂದ ಉಳಿಯುತ್ತದೆ ಎಂಬುದು ಹಾಲು, ಹಿಟ್ಟು, ಮನುಷ್ಯನ ತಲೆ ಎಲ್ಲಕ್ಕೂ ಅನ್ವಯಿಸುವ ನ್ಯಾಯ. ಎಂಜಿನ್ನಿಗೇಕೆ ಅನ್ವಯಿಸಬಾರದು?

ಅಪ್ಪನ ಜೊತೆಗೆ ಬಂದಿದ್ದ ಮಗಳು ಒಂದು ಪ್ರಶ್ನೆ ಕೇಳಿದಳು. “ಕಾಕಾ, ನೀವ ಅದನ್ನ ಪೂರಾ ತಗದ ಒಗದಿದ್ರಿ. ಬಾಗಲಾನ ಇಲ್ಲದ ಗಾಡಿ ಕುದ್ದೈತಿ. ಈಗ ಲಗೂನ ತಗಿಯು ಬಾಗಲಾ ಹಾಕಿದ್ರ ಕುದಿಯೂದ ಹೆಂಗ ನಿಂದರತೈತಿ?”

ಮಿಸ್ತ್ರಿ ಸಿಟ್ಟಾಗಲಿಲ್ಲ. ಪಾನಾ ಕೆಳಗಿಟ್ಟು, “ಹೌದಲ್ಲವಾ” ಎಂದು ತಲೆ ಕೆರೆದುಕೊಂಡರು.

ಥರ್ಮೋಸ್ಟಾಟ್ ಎಂಬುದು ನಿಜಕ್ಕೂ ಬಾಗಿಲೇ. ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಕುಳಿತಿರುವ, ಅಂಗೈಯಲ್ಲಿ ಹಿಡಿಸುವ ಒಂದು ವಾಲ್ವು. ಅದರ ಹೊಟ್ಟೆಯಲ್ಲಿ ಒಂದು ಲೋಹದ ಡಬ್ಬಿ, ಡಬ್ಬಿಯಲ್ಲಿ ಮೇಣ. ನೀರು ಗೊತ್ತಾದ ಬಿಸಿ ಮುಟ್ಟಿದಾಗ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ಒತ್ತುತ್ತದೆ, ಬಾಗಿಲು ತೆರೆಯುತ್ತದೆ. ತಣ್ಣಗಾದರೆ ಮೇಣ ಕುಗ್ಗಿ, ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತದೆ. ತಂತಿಯಿಲ್ಲ, ಬ್ಯಾಟರಿಯಿಲ್ಲ. ಹಿಂದೆ ಇದೇ ಕೆಲಸಕ್ಕೆ ಆಲ್ಕೋಹಾಲ್ ತುಂಬಿದ ತಿದಿಯಂಥ ಬುರುಡೆಯನ್ನು ಬಳಸುತ್ತಿದ್ದರು. 1930ರ ದಶಕದಲ್ಲಿ ಸರ್ಜಿಯಸ್ ವರ್ನೆಟ್ ಎಂಬಾತ ಅಮೆರಿಕದಲ್ಲಿ ಮೇಣದ ಉಪಾಯ ಕಂಡುಹಿಡಿದ ಮೇಲೆ ಜಗತ್ತಿನ ಕಾರುಗಳೆಲ್ಲ ಕ್ರಮೇಣ ಅದಕ್ಕೇ ಬಂದವು. ಅಷ್ಟು ಸಾಮಾನ್ಯ ವಸ್ತುವಿನಲ್ಲಿ ಅಷ್ಟು ಚೆಂದದ ಭೌತಶಾಸ್ತ್ರ ಇರುವುದು ಅಪರೂಪ.

ತಂಪಾದ ಎಂಜಿನ್ ಬೇಗ ಬೆಚ್ಚಗಾಗಲಿ ಎಂದು ಬಾಗಿಲು ಮುಚ್ಚಿರುತ್ತದೆ. ಬೆಚ್ಚಗಾದ ಮೇಲೆ ತೆರೆಯುತ್ತದೆ. ಎಂದರೆ ಎಂಜಿನ್ ಎಷ್ಟಕ್ಕಿಂತ *ತಣ್ಣಗೆ* ಓಡಬಾರದು ಎಂಬುದನ್ನು ಅದು ಗೊತ್ತು ಮಾಡುತ್ತದೆ. ಎಷ್ಟಕ್ಕಿಂತ ಬಿಸಿಯಾಗಬಾರದು ಎಂಬುದು ರೇಡಿಯೇಟರು, ಫ್ಯಾನು, ಪಂಪು, ಬೀಸುವ ಗಾಳಿ ಇವುಗಳ ಕೈಯಲ್ಲಿದೆ. ಮಿಸ್ತ್ರಿಯ ಲೆಕ್ಕ ಜಾರಿದ್ದು ಈ ಒಂದೇ ಜಾಗದಲ್ಲಿ.

ಬಾಯಿಮಾತಿನಲ್ಲಿ ಇದನ್ನು ಒಪ್ಪಿಸುವುದು ಕಷ್ಟ. ಮಗಳು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರನ್ನು ಕೇಳಿ, ಪ್ರಯೋಗಾಲಯದ ಥರ್ಮಾಮೀಟರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಳು. ಅವ್ವನ ಅಲ್ಯುಮಿನಿಯಮ್ ಬೋಗುಣಿ ಗ್ಯಾರೇಜಿಗೆ ಬಂತು, ಪಂಪ್ ಸ್ಟೋವೂ ಬಂತು. ಮಿಸ್ತ್ರಿ ತಗಡಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಳೆಯ ಥರ್ಮೋಸ್ಟಾಟು—ಅದರ ಅಂಚಿನ ಮೇಲೆ 82 ಎಂದು ಒತ್ತಿತ್ತು—ಮತ್ತು ಹುಬ್ಬಳ್ಳಿಯಿಂದ ತಂದ 74ರ ಹೊಸದು, ಎರಡನ್ನೂ ದಾರ ಕಟ್ಟಿ, ಬೋಗುಣಿಯ ತಳ ತಾಗದಂತೆ ನೀರಿನಲ್ಲಿ ಇಳಿಬಿಟ್ಟರು. ತಳ ತಾಗಿದರೆ ಸ್ಟೋವಿನ ಉರಿಯ ಬಿಸಿ ನೇರವಾಗಿ ತಟ್ಟಿ ಲೆಕ್ಕ ತಪ್ಪುತ್ತದೆ. ಮಗಳು ಒಂದು ಕಡ್ಡಿಯಿಂದ ನೀರು ಕಲಕುತ್ತ ಥರ್ಮಾಮೀಟರು ನೋಡುತ್ತಿದ್ದಳು. ಎದುರಿನ ಚಹಾದಂಗಡಿಯವರೂ ಬಂದು ಸುತ್ತ ನಿಂತರು. ಮುನವಳ್ಳಿಯಲ್ಲಿ ಮಧ್ಯಾಹ್ನದ ಹೊತ್ತು ಇದಕ್ಕಿಂತ ಒಳ್ಳೆಯ ಆಟ ಬೇರೆ ಏನಿದೆ?

70 ದಾಟಿತು. 74ರ ಹತ್ತಿರ ಹೊಸದರ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಕಂಡಿತು. 82ರ ಹೊತ್ತಿಗೆ ಹಳೆಯದೂ ಕಣ್ಣು ಬಿಟ್ಟಿತು. ಅಷ್ಟರಲ್ಲಿ ಹೊಸದು ಅರ್ಧಕ್ಕಿಂತ ಹೆಚ್ಚು ತೆರೆದಿತ್ತು. ಬಾಗಿಲು ಒಮ್ಮೆಲೇ ಪೂರ್ತಿ ತೆರೆಯುವುದಿಲ್ಲ. ತೆರೆಯತೊಡಗಿದ ಮೇಲೆ ಪೂರ್ತಿಯಾಗಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. 95 ಮುಟ್ಟಿದಾಗ ಎರಡೂ ಬಾಯಿ ಅಗಲಿಸಿ ನಿಂತಿದ್ದವು. ಯಾವುದು 74ರದು, ಯಾವುದು 82ರದು ಎಂದು ದಾರದ ಬಣ್ಣ ನೋಡಿಯೇ ಹೇಳಬೇಕಿತ್ತು.

“ಗುಡ್ಡ ಹತ್ತೂವಾಗ ನೀರ ನೂರರ ಮ್ಯಾಲ ಇತ್ತಲ್ಲ ಕಾಕಾ. ಅಲ್ಲಿ ಇವೆರಡಕ್ಕೂ ಏನ ಫರಕ ಐತಿ?” ಎಂದಳು ಮಗಳು.

ನೀರು 98ಕ್ಕೇ ಕುದಿಯತೊಡಗಿದಾಗ ಥರ್ಮಾಮೀಟರು ಕೆಟ್ಟಿದೆಯೇನೋ ಎಂದು ಅವಳಿಗೆ ಗಾಬರಿಯಾಯಿತು. ಮರುದಿನ ಉಪನ್ಯಾಸಕರು ನಕ್ಕರು. ಮುನವಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 98ರ ಆಸುಪಾಸಿನಲ್ಲೇ ಕುದಿಯುತ್ತದೆ. ಪಠ್ಯಪುಸ್ತಕದ 100 ಡಿಗ್ರಿ ಕಡಲ ದಂಡೆಯವರ ಲೆಕ್ಕ. ಕೆಟ್ಟಿರಲಿಲ್ಲ ಥರ್ಮಾಮೀಟರು, ಅಷ್ಟು ಸರಿಯಾಗಿತ್ತು.

ಹಾಗಾದರೆ ಕಾರು ಕುದಿದದ್ದೇಕೆ? ಉತ್ತರ ರೇಡಿಯೇಟರಿನಲ್ಲಿ ಸಿಕ್ಕಿತು. ಎಂಜಿನ್ ಬಿಸಿ ಮಾಡಿ, ನಿಲ್ಲಿಸಿ, ಮಿಸ್ತ್ರಿ ಅದರ ಜಾಲರಿಯ ಮೇಲೆ ಅಲ್ಲಲ್ಲಿ ಕೈಯಿಟ್ಟು ನೋಡಿದರು. ಮೇಲ್ಗಡೆ ಸುಡುತ್ತಿತ್ತು, ಕೆಳಗೆ ಒಂದು ಮಗ್ಗುಲು ತಣ್ಣಗೆ ಮಲಗಿತ್ತು. ನೀರು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಬೋರಿನ ಸವಳು ನೀರನ್ನೇ ಹಾಕುತ್ತ ಬಂದಿದ್ದರು. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿಯ ಸುಣ್ಣದ ಹಕ್ಕಳೆಯನ್ನು ಕಾಣದವರು ಈ ಸೀಮೆಯಲ್ಲಿ ಯಾರಿದ್ದಾರೆ? ಅದೇ ಹಕ್ಕಳೆ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕಟ್ಟಿತ್ತು. ಹೊರಗೆ ಜಾಲರಿಯ ತುಂಬ ಎರೆಮಣ್ಣಿನ ಧೂಳು, ಹತ್ತಿಯ ಎಳೆ. ಸಪಾಟು ರಸ್ತೆಯಲ್ಲಿ ಗಾಳಿ ಬೀಸುವಾಗ ಅರ್ಧ ರೇಡಿಯೇಟರಿನಲ್ಲೇ ಹೇಗೋ ನಡೆದುಹೋಗುತ್ತಿತ್ತು. ಏರು, ಒಂಬತ್ತು ಜನ, ಮೊದಲನೇ ಗೇರು, ಗಾಳಿಯಿಲ್ಲ; ಅಲ್ಲಿ ಅರ್ಧ ಸಾಲದು.

ಇಲ್ಲಿಯ ಬಿಸಿಲಿನ ಪಾಲನ್ನೂ ಅಳೆಯಬಹುದು. ರೇಡಿಯೇಟರು ಹೊರಹಾಕುವ ಶಾಖ, ನೀರಿಗೂ ಗಾಳಿಗೂ ಇರುವ ಬಿಸಿಯ ಅಂತರಕ್ಕೆ ತಕ್ಕಂತೆ ಇರುತ್ತದೆ. ನೀರು 90 ಡಿಗ್ರಿ, ಗಾಳಿ 25 ಎಂದರೆ ಅಂತರ 65. ಬೇಸಿಗೆಯ 40 ಡಿಗ್ರಿಯಲ್ಲಿ ಅಂತರ 50. ಹೆಚ್ಚುಕಡಿಮೆ ಕಾಲುಭಾಗ ಕೆಲಸ ಕಡಿಮೆಯಾಯಿತು. ಸರಿಯಿದ್ದ ರೇಡಿಯೇಟರಿಗೆ ಈ ಕಾಲುಭಾಗವನ್ನು ತಾಳುವಷ್ಟು ಶಕ್ತಿ ಕೊಟ್ಟೇ ಮಾಡಿರುತ್ತಾರೆ. ಅರ್ಧ ಮುಚ್ಚಿಹೋದದ್ದಕ್ಕೆ ಅಷ್ಟೇ ಸಾಕು ಕೈಚೆಲ್ಲಲು.

ರೇಡಿಯೇಟರನ್ನು ಧಾರವಾಡಕ್ಕೆ ಒಯ್ದು, ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ನಳಿಕೆಗಳಲ್ಲಿ ಸಲಾಕೆ ಆಡಿಸಿ ತಂದರು. ಹಿತ್ತಾಳೆ ತಾಮ್ರದ ಹಳೆಯ ರೇಡಿಯೇಟರುಗಳಿಗೆ ಆ ಭಾಗ್ಯವಿತ್ತು. ಇಲ್ಲಿಗೆ ಕುದಿಯುವ ಕಥೆ ಮುಗಿಯಿತು.

ಆದರೆ ಮಿಸ್ತ್ರಿಯ ಎರಡನೆಯ ಮಾತು ಹಾಗೇ ಉಳಿದಿತ್ತು. “ಆತವಾ, ಕುದಿಯೂದಕ್ಕ ಸಂಬಂಧ ಇಲ್ಲ ಅಂತ ಇಟ್ಕೊ. ಆದರೂ 74ರದು ಹಾಕಿದ್ರ ಆಯಿಲ್ಲಿಗೆ ಒಳ್ಳೇದಲ್ಲ? ಬಿಸಿ ಕಡಿಮಿ ಆದಷ್ಟೂ ಆಯಿಲ್ ಸುಡೂದು ಕಡಿಮಿ.”

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಿಸಿ ಹೆಚ್ಚಿದಂತೆ ಆಯಿಲ್ ಗಾಳಿಯೊಡನೆ ಕೂಡಿ ಕೆಡುತ್ತದೆ. ಪ್ರತಿ 10 ಡಿಗ್ರಿಗೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದವರ ಸ್ಥೂಲ ಲೆಕ್ಕ. ಅಂಬಾಸಡರಿನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಅದರ ಹಳೆಯ ಎಂಜಿನ್ ಬಿಎಂಸಿ ಕಂಪನಿಯ ಬಿ ಸೀರೀಸ್ ಮನೆತನದ್ದು. ಅದೇ ಮನೆತನದ ಎಂಜಿಬಿ ಎಂಬ ಕಾರಿಗೆ ತಯಾರಕರೇ ಮೂರು ಥರ್ಮೋಸ್ಟಾಟು ಹೇಳಿದ್ದರು: ಸಾಮಾನ್ಯಕ್ಕೆ 82, ಚಳಿಯ ದೇಶಕ್ಕೆ 88, ಬಿಸಿ ದೇಶಕ್ಕೆ 74. ಹಾಗಾಗಿ 74 ಎಂಬುದು ಮಿಸ್ತ್ರಿಯ ತಲೆಯಿಂದ ಹುಟ್ಟಿದ ಸಂಖ್ಯೆಯಲ್ಲ.

ಆದರೆ ಯಾವ ಗಾಡಿ, ಎಂಥ ಓಟ ಎಂಬುದನ್ನು ಕೇಳಬೇಕು. ಒಂದು ಲೀಟರ್ ಡೀಸೆಲ್ ಅಥವಾ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬಲು ಕಷ್ಟವಾದರೆ ಇಂಧನದ ಹೈಡ್ರೋಜನ್ನು ಗಾಳಿಯ ಆಕ್ಸಿಜನ್ನಿನೊಡನೆ ಕೂಡುವ ಸಮೀಕರಣ ಬರೆದು ನೋಡಿ. ಈ ನೀರು ಉಗಿಯಾಗಿ ಹೊಗೆನಳಿಕೆಯಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಆಯಿಲ್ ಸಂಪಿಗೆ ಇಳಿಯುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾಗಿದ್ದರೆ ಉಗಿ ಮತ್ತೆ ಆರಿ ಹೋಗುತ್ತದೆ. ತಣ್ಣಗಿದ್ದರೆ ಅಲ್ಲೇ ಹನಿಗಟ್ಟಿ ಉಳಿಯುತ್ತದೆ. ಸರಿಯಾಗಿ ಉರಿಯದ ಇಂಧನವೂ ಇಳಿದು ಆಯಿಲ್ಲನ್ನು ತೆಳ್ಳಗೆ ಮಾಡುತ್ತದೆ. ಇಂಧನದ ಗಂಧಕ ಈ ನೀರಿನೊಡನೆ ಕೂಡಿ ಆಮ್ಲವಾಗುತ್ತದೆ. ಎಲ್ಲ ಸೇರಿ ಕೆಸರಾಗಿ ಆಯಿಲ್ ಹರಿಯುವ ಸಣ್ಣ ದಾರಿಗಳಿಗೆ ಅಡ್ಡ ಕೂಡುತ್ತದೆ.

1930ರ ದಶಕದಲ್ಲೇ ಬ್ರಿಟನ್ನಿನ ಆಟೊಮೊಬೈಲ್ ಎಂಜಿನಿಯರುಗಳ ಸಂಸ್ಥೆಯ ಸಂಶೋಧಕರು ಇದರ ಬೆನ್ನು ಹತ್ತಿದ್ದರು. ಸಿಲಿಂಡರ್ ಸವೆಯುವುದು ತಿಕ್ಕಾಟದಿಂದ ಎಂದಷ್ಟೇ ಜನ ತಿಳಿದಿದ್ದ ಕಾಲ ಅದು. ಗೋಡೆ ತಣ್ಣಗಿದ್ದಾಗ ಅದರ ಮೇಲೆ ಆಮ್ಲದ ಇಬ್ಬನಿ ಕೂತು ಕಬ್ಬಿಣವನ್ನು ತಿನ್ನುತ್ತದೆ, ತಣ್ಣಗಿನ ಎಂಜಿನ್ ಬೆಚ್ಚಗಿನದಕ್ಕಿಂತ ಬೇಗ ಸವೆಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಆಯಿಲ್ ಡಬ್ಬಿಯ ಮೇಲಿನ 20ಡಬ್ಲ್ಯು-40 ಎಂಬ ಬರಹದಲ್ಲೂ ಒಂದು ಸೂಚನೆಯಿದೆ. ಅದರ ಕೊನೆಯ 40 ಎಂಬ ದರ್ಜೆಯನ್ನು ಗೊತ್ತು ಮಾಡಲು ಆಯಿಲ್ಲಿನ ಮಂದವನ್ನು ಅಳೆಯುವುದು 100 ಡಿಗ್ರಿಯಲ್ಲಿ. ಆಯಿಲ್ ಕೆಲಸ ಮಾಡುವ ಬಿಸಿ ಅದರ ಸುತ್ತಮುತ್ತಲೇ ಇರುತ್ತದೆ ಎಂದುಕೊಂಡೇ ಲೆಕ್ಕ ಹಾಕಿದ್ದಾರೆ.

ನೀರು ಬೇಗ ಬಿಸಿಯಾಗುತ್ತದೆ, ಆಯಿಲ್ ನಿಧಾನ. ಸೂಜಿ ನಡುವಿಗೆ ಬಂದಾಗಲೂ ಸಂಪಿನ ಆಯಿಲ್ ಇನ್ನೂ ಉಗುರುಬೆಚ್ಚಗೆ ಇರಬಹುದು. ಧಾರವಾಡದಾಚೆಗೆ ನಿಲ್ಲದೆ ಓಡುವ ಗಾಡಿಗೆ 74ಕ್ಕೂ 82ಕ್ಕೂ ಆಯಿಲ್ಲಿನ ಮಟ್ಟಿಗೆ ಹೇಳಿಕೊಳ್ಳುವಂಥ ಭೇದವಿಲ್ಲ. ಅಲ್ಲಿ ಆಯಿಲ್ಲಿನ ಬಿಸಿಯನ್ನು ತೀರ್ಮಾನಿಸುವುದು ಎಂಜಿನ್ನಿನ ಮೇಲಿನ ಭಾರ. ಆದರೆ ಶಾಲೆಯ ಮಕ್ಕಳನ್ನು ಇಳಿಸಿ, ಎಂಜಿನ್ ಬಂದು ಮಾಡಿ, ತಾಸು ಬಿಟ್ಟು ಸಂತೆಗೆ ಹೋಗಿ, ಮತ್ತೆ ನಿಲ್ಲುವ ಗಾಡಿಗೆ ಒಂದೊಂದು ಡಿಗ್ರಿಯೂ ಬೇಕು. ಈ ಅಂಬಾಸಡರಿನ ಬಾಳು ಬಹುಪಾಲು ಅಂಥ ಸಣ್ಣ ಓಟದ್ದೇ.

ಮಗಳು ಹೇಳಿದಂತೆ ಮಿಸ್ತ್ರಿ ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುವಿದರು. ಒಳಮೈಗೆ ಕಡೆದ ಮಜ್ಜಿಗೆಯ ಮೇಲಿನ ನೊರೆಯಂಥದು, ಕಂದುಬಿಳಿ ಬಣ್ಣದ್ದು, ಬೆರಳಿನಷ್ಟು ದಪ್ಪ ಮೆತ್ತಿತ್ತು. ಥರ್ಮೋಸ್ಟಾಟು ಇಲ್ಲದೆ ಬೇಸಿಗೆಯಿಂದ ಬೇಸಿಗೆಯವರೆಗೆ ಓಡಿಸಿದ್ದರ ಗುರುತು. ಹೋದ ವರ್ಷದಿಂದ ಡೀಸೆಲ್ ಯಾಕೋ ಜಾಸ್ತಿ ಕುಡಿಯುತ್ತಿದೆ ಎಂದು ಅಪ್ಪ ಗೊಣಗುತ್ತಿದ್ದದ್ದೂ ಆಗ ನೆನಪಾಯಿತು. ಅಂಥ ನೊರೆ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎದೆ ಒಡೆದುಕೊಳ್ಳಬೇಕಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ರೇಡಿಯೇಟರಿನ ನೀರು ಕಾರಣವಿಲ್ಲದೆ ಕಡಿಮೆಯಾಗುತ್ತಿದ್ದರೆ, ಡಿಪ್‌ಸ್ಟಿಕ್ಕಿನ ಆಯಿಲ್ಲೂ ಬೆಳ್ಳಗಾಗಿದ್ದರೆ ಮಾತ್ರ ಆ ಅನುಮಾನ. ಮುಚ್ಚಳದ ಮೇಲಷ್ಟೇ ಇದ್ದರೆ ಅದು ಬಹುತೇಕ ತಣ್ಣಗಿನ ಓಟದ ದೂರು.

ಮಿಸ್ತ್ರಿ ಬೆರಳಿನಿಂದ ಆ ನೊರೆ ತೆಗೆದು, ಮೂಸಿ, ಬಟ್ಟೆಗೆ ಒರೆಸಿದರು. “ಮೂವತ್ತ ವರ್ಷ ಇದನ್ನ ನೋಡೇನಿ. ಎದಕ್ಕ ಅಂತ ಕೇಳಿರಲಿಲ್ಲ ನೋಡು” ಎಂದರು. ಇಷ್ಟನ್ನು ಹೇಳಲು ಎಷ್ಟು ದೊಡ್ಡ ಮನಸ್ಸು ಬೇಕು ಎಂಬುದು ಮಿಸ್ತ್ರಿಗಳ ಒಡನಾಟ ಇದ್ದವರಿಗೆ ಗೊತ್ತು. ಹಳೆಯ 82ರದ್ದೇ ಮತ್ತೆ ಒಳಗೆ ಕುಳಿತಿತು. ಆಯಿಲ್ಲೂ ಫಿಲ್ಟರೂ ಬದಲಾದವು. ರೇಡಿಯೇಟರಿಗೆ ಬೋರಿನ ನೀರಿನ ಬದಲು ಕೂಲಂಟು ಬಂತು. ಅದು ತುಟ್ಟಿ ಎಂದು ಅಪ್ಪ ಎರಡು ದಿನ ಚೌಕಾಶಿ ಮಾಡಿದ್ದು ಬೇರೆ ಮಾತು.

ಇಂದಿನ ಗಾಡಿಗಳಲ್ಲಿ ಈ ವಾದಕ್ಕೆ ಜಾಗವೇ ಕಡಿಮೆ. ಎಂಜಿನ್ನಿನ ಕಂಪ್ಯೂಟರು ನೀರಿನ ಬಿಸಿಯನ್ನು ಸದಾ ಓದುತ್ತಿರುತ್ತದೆ. ನೀರು ಬೆಚ್ಚಗಾಗದಿದ್ದರೆ ಎಂಜಿನ್ ಇನ್ನೂ ಚಳಿಯಲ್ಲಿದೆ ಎಂದು ತಿಳಿದು, ಪೆಟ್ರೋಲ್ ಗಾಡಿಯಾದರೆ ಇಂಧನವನ್ನು ಹೆಚ್ಚು ಸುರಿಯುತ್ತದೆ. ಆ ಹೆಚ್ಚಿನದು ಆಯಿಲ್ಲಿಗೆ ಇಳಿಯುತ್ತದೆ. ಥರ್ಮೋಸ್ಟಾಟನ್ನು ಕಿತ್ತುಹಾಕಿದರೆ ಡ್ಯಾಶ್‌ಬೋರ್ಡಿನ ಹಳದಿ ದೀಪ ಹತ್ತುತ್ತದೆ. ಸ್ಕ್ಯಾನರು ಹಚ್ಚಿದರೆ ಪಿ0128 ಎಂದು ಬರೆದು ತೋರಿಸುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಇಂಧನದಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಆಯಿಲ್ಲುಗಳಲ್ಲಿ ಆಮ್ಲವನ್ನು ಕೊಲ್ಲುವ ಕ್ಷಾರವೂ ಇರುತ್ತದೆ. ಆದ್ದರಿಂದ ಆಮ್ಲದ ಕಾಟ ಹಿಂದಿನಷ್ಟಿಲ್ಲ. ನೀರಿನ ಕಾಟ, ಇಂಧನ ಇಳಿಯುವ ಕಾಟ ಮಾತ್ರ ಹಾಗೆಯೇ ಇವೆ. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ‘ನಮ್ಮ ಬಿಸಲಿಗೆ ಅದು ಬ್ಯಾಡ್ರಿ’ ಎಂಬ ಮಾತಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ. ಟ್ರ್ಯಾಕ್ಟರು, ಟೆಂಪೊಗಳ ಸುತ್ತ ಅದು ಈಗಲೂ ಕೇಳಿಬರುತ್ತದೆ.

ಆ ವರ್ಷದ ದವನದ ಹುಣ್ಣಿಮೆಗೆ, ಚೈತ್ರದ ಕಡುಬಿಸಿಲಿನಲ್ಲಿ, ಅಂಬಾಸಡರು ಮತ್ತೆ ಗುಡ್ಡ ಹತ್ತಿತು. ಈ ಸಲ ಏಳೇ ಜನ. ಅಪ್ಪ ಅಷ್ಟು ಪಾಠ ಕಲಿತಿದ್ದರು. ಸಾಲು ಅದೇ, ಚಕ್ಕಡಿಗಳು ಅವೇ. ಸೂಜಿ ನಡುವಿನಿಂದ ಒಂದು ಗೆರೆ ಮೇಲೇರಿ ಅಲ್ಲೇ ನಿಂತಿತು. ಪರೀಕ್ಷೆ ಮುಗಿಸಿ ಜೊತೆಗೆ ಬಂದಿದ್ದ ಮಗಳು ಗುಡ್ಡದ ತುದಿಯವರೆಗೂ ದೇವಿಯ ಕಡೆ ನೋಡದೆ ಸೂಜಿಯ ಕಡೆಯೇ ನೋಡುತ್ತ ಕುಳಿತಿದ್ದಳು.

ಥರ್ಮಾಮೀಟರು ಕಾಲೇಜಿಗೆ ವಾಪಸು ಹೋಯಿತು. ಮಿಸ್ತ್ರಿ ಹುಬ್ಬಳ್ಳಿಗೆ ಹೋದಾಗ ತಮ್ಮದೇ ಒಂದನ್ನು ಕೊಂಡು ತಂದರು. ಯಾವ ಗಾಡಿ ಕುದಿದು ಬಂದರೂ ಮೊದಲು ಸ್ಟೋವು ಹಚ್ಚಿ, ದಾರ ಕಟ್ಟಿ, ನೀರು ಕಲಕುತ್ತ ಕೂಡುವುದು ಆ ಗ್ಯಾರೇಜಿನ ಪದ್ಧತಿಯಾಯಿತು. 74ರ ಹೊಸ ಥರ್ಮೋಸ್ಟಾಟು ಗೋಡೆಯ ಮೊಳೆಗೆ ನೇತುಬಿತ್ತು. ಅವ್ವನ ಬೋಗುಣಿ ಮಾತ್ರ ಮನೆಗೆ ಮರಳಲಿಲ್ಲ. “ಗಾಡಿ ಸಾಮಾನ ಕುದಿಸಿದ್ದರಾಗ ನಾ ಸಾರ ಮಾಡಂಗಿಲ್ಲ” ಎಂದು ಆಕೆ ಖಡಾಖಂಡಿತವಾಗಿ ಹೇಳಿ, ಸಂತೆಯಲ್ಲಿ ಬೇರೊಂದು ಕೊಂಡಳು. ಅದರ ದುಡ್ಡನ್ನು ಮಿಸ್ತ್ರಿಯಿಂದಲೇ ವಸೂಲು ಮಾಡಿದಳು.